ಅಪ್‌ಡೇಟ್: ಹಳೆಯ ಲ್ಯಾಪ್‌ಟಾಪಿನಲ್ಲಿ ಎಲ್ಡನ್ ರಿಂಗ್ ಆಟ ಓಡುವುದೇ?

ಈ ಪ್ರಶ್ನೆ ಕೇಳಿದ್ದ ನನಗೆ, ವಿಂಡೋಸ್ ಮತ್ತು ಆರ್ ಕೀಗಳನ್ನು ಒಟ್ಟಿಗೆ ಒತ್ತಿ ಡಿಎಕ್ಸ್‌ಡಯಾಗ್ (dxdiag) ಎಂದು ಟೈಪ್ ಮಾಡಿ, ಲ್ಯಾಪ್‌ಟಾಪಿನಲ್ಲಿ ಏನೇನಿದೆಯೆಂದು ನೋಡುವಂತೆ ಸೂಚಿಸಿದವರಿಗೆ ಧನ್ಯವಾದಗಳು. ಆಟಕ್ಕೆ ಕನಿಷ್ಠ 12 ಜಿಬಿ ರ್‍ಯಾಮ್, 3 ಜಿಬಿಯ ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್ ಹಾಗೂ 60 ಜಿಬಿ ಜಾಗ ಬೇಕು. ನನ್ನಲ್ಲಿದ್ದುದು 8 ಜಿಬಿ ರ್‍ಯಾಮ್ ಮತ್ತು 4 ಜಿಬಿಯ ಜಿಟಿಎಕ್ಸ್ 1050 ಟಿಐ. ಮೆಮೊರಿ ಹೆಚ್ಚಿದ್ದರೂ ಈ ಕಾರ್ಡಿನ ವೇಗ 1060ಕ್ಕಿಂತ ಕಡಿಮೆಯೆಂಬುದನ್ನು ಬರೀ ಜಿಬಿ ನೋಡಿ ಹಿಗ್ಗುವವರು ಗಮನಿಸಬೇಕು. ಗ್ರಾಫಿಕ್ಸ್ ಚಿಪ್ ಮದರ್‌ಬೋರ್ಡಿಗೇ ಬೆಸೆದುಕೊಂಡಿರುವುದರಿಂದ ಅದನ್ನು ಬದಲಿಸಲಾಗದು. ಹಾಸನದ ಅಂಗಡಿಯೊಂದರಲ್ಲಿ ಖಾಲಿ ಸ್ಲಾಟಿಗೆ ಇನ್ನೊಂದು 8 ಜಿಬಿ ರ್‍ಯಾಮ್ ಹಾಕಿಸಿದೆ. ಕೊಂಡ 14 ದಿನಗಳೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ, ಆಟಗಳನ್ನು ಮಾರುವ ಆನ್‌ಲೈನ್ ಅಂಗಡಿಯಾದ ಸ್ಟೀಮ್ ಹಣ ಹಿಂದಿರುಗಿಸುವುದರಿಂದ ಧೈರ್ಯ ಮಾಡಿ ಆಟವನ್ನು ಕೊಂಡೆ. ಲೋ ಸೆಟ್ಟಿಂಗ್‌ನಲ್ಲಿ, ರೆಸಲ್ಯೂಷನ್ ತಗ್ಗಿಸಿದ ಮೇಲೆ, ಸೆಕೆಂಡಿಗೆ 30 ಫ್ರೇಮ್‌ಗಳ ಆಸುಪಾಸಿನಲ್ಲಿ ಓಡುತ್ತಿದೆ. ಹಣ ವಾಪಸು ಕೇಳುವ ಯೋಚನೆಯಿಲ್ಲ.