ಎಂಜಿಬಿ ಕಾರಿನ ಸವೆದ ವಿಶ್‌ಬೋನ್ ಬುಷ್: ರಬ್ಬರೋ, ಪಾಲಿಯುರೆಥೇನೋ?

ಪ್ರಶ್ನೆ (ವಿದ್ಯಾನಗರ, ಹುಬ್ಬಳ್ಳಿ)

ನನ್ನ 1967ರ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿಬಿ ರೋಡ್‌ಸ್ಟರ್ ಇತ್ತೀಚೆಗೆ ಬ್ರೇಕ್ ಒತ್ತಿದಾಗಲೆಲ್ಲ ಎಡಕ್ಕೆ ಎಳೆಯುತ್ತಿದೆ. ಉಣಕಲ್ ಕಡೆಯ ಹಂಪ್‌ಗಳನ್ನು ದಾಟುವಾಗ ಮುಂಭಾಗದಿಂದ ಟಕ್ಕೆಂಬ ಸದ್ದೂ ಬರುತ್ತದೆ. ಜಾಕ್ ಏರಿಸಿ ನೋಡಿದರೆ, ಕೆಳ ವಿಶ್‌ಬೋನಿನ (ಚಕ್ರವನ್ನು ಕಾರಿನ ಒಡಲಿಗೆ ಜೋಡಿಸುವ ಕವಲು ಕೈ) ಒಳತುದಿಯ ರಬ್ಬರ್ ಬುಷ್‌ಗಳು (ಕೀಲಿನ ಮೆತ್ತೆಗಳು) ಅಂಚಿನಲ್ಲಿ ಬಿರಿದಿವೆ. ಎಡಗಡೆ ಪಿವೋಟ್ ಶಾಫ್ಟಿನ (ಆ ಕೈ ತಿರುಗುವ ಅಚ್ಚು) ನಟ್ಟು ಕೈಯ ತುದಿಯ ಕಣ್ಣಿನ ನಡುವಿನಲ್ಲಿರದೆ ಒಂದು ಪಕ್ಕಕ್ಕೆ ಸರಿದು ಕುಳಿತಿದೆ. ಗೋಕುಲ ರಸ್ತೆಯ ಲೇತ್ ಅಂಗಡಿಯವರು ನೈಲಾನ್ ಬುಷ್ ಕಡೆದುಕೊಡುತ್ತೇವೆ ಎನ್ನುತ್ತಾರೆ. ಇಂಗ್ಲೆಂಡಿನಿಂದ ತರಿಸುವುದಾದರೆ ಹಳೆಯ ಮಾದರಿಯ ರಬ್ಬರ್, ಪಾಲಿಯುರೆಥೇನ್ ಮತ್ತು 'ವಿ8 ಬುಷ್' ಎಂಬ ಮೂರು ಬಗೆಗಳಿವೆ. ನಮ್ಮ ರಸ್ತೆಗಳಿಗೆ ಯಾವುದು ತಕ್ಕುದು?

ಉತ್ತರ 1 (ಧಾರವಾಡ)

ನೈಲಾನ್ ಬೇಡವೇ ಬೇಡ. ಅದಕ್ಕೆ ಬಾಗುವ ಗುಣವಿಲ್ಲವಾದ್ದರಿಂದ ಗುಂಡಿಯ ಹೊಡೆತವೆಲ್ಲ ನೇರವಾಗಿ ಪಿವೋಟ್ ಶಾಫ್ಟಿಗೂ ಕ್ರಾಸ್‌ಮೆಂಬರಿಗೂ (ಮುಂಭಾಗದ ಅಡ್ಡ ತೊಲೆ) ಹೋಗುತ್ತದೆ. ಬುಷ್ ತರಿಸುವ ಮೊದಲು ಕಿಂಗ್‌ಪಿನ್ (ಸ್ಟೀಯರಿಂಗ್ ತಿರುಗಿಸಿದಾಗ ಮುಂದಿನ ಚಕ್ರ ಹೊರಳುವ ನೆಟ್ಟನೆಯ ಅಚ್ಚು) ನೋಡಿ: ಎತ್ತಿದ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸುತ್ತಿರುವಾಗ ಇನ್ನೊಬ್ಬರು ಬ್ರೇಕ್ ಒತ್ತಲಿ. ಅಲುಗಾಟ ನಿಂತರೆ ಬೇರಿಂಗ್ ಸಡಿಲವಾಗಿದೆ, ನಿಲ್ಲದಿದ್ದರೆ ಕಿಂಗ್‌ಪಿನ್ ಸವೆದಿರುವ ಸಂಭವ ಹೆಚ್ಚು.

ಉತ್ತರ 2 (ಗದಗ)

ನನ್ನ ಮತ ವಿ8 ಬುಷ್‌ಗೆ. 1973ರಿಂದ 1976ರವರೆಗೆ ತಯಾರಾದ ಎಂಜಿಬಿ ಜಿಟಿ ವಿ8 ಕಾರಿನಲ್ಲಿದ್ದ ಈ ಬುಷ್ ಸಾಮಾನ್ಯ ಎಂಜಿಬಿಗೂ ಕೂಡುತ್ತದೆ. ಹಳೆಯದು ಎರಡು ತುಂಡುಗಳ ಬಿಡಿ ರಬ್ಬರ್. ಇದು ಒಂದೇ ತುಂಡು, ಒಳಗಿನ ಉಕ್ಕಿನ ಕೊಳವೆಗೆ ರಬ್ಬರ್ ಬೆಸೆದಿರುತ್ತದೆ. ಸಾಬೂನಿನ ನೀರು ಸವರಿ ವೈಸಿನಲ್ಲಿ ಒತ್ತಿ ಕೂಡಿಸಬೇಕೇ ಹೊರತು ಎಂಜಿನ್ ಆಯಿಲನ್ನಾಗಲಿ ಸಾಮಾನ್ಯ ಗ್ರೀಸನ್ನಾಗಲಿ ಮುಟ್ಟಿಸಬಾರದು, ರಬ್ಬರ್ ಉಬ್ಬಿ ಹಾಳಾಗುತ್ತದೆ.

ಬಿಚ್ಚುವಾಗ ಎಚ್ಚರ ಬೇಕಾದದ್ದು ಸ್ಪ್ರಿಂಗಿನ ವಿಷಯದಲ್ಲಿ. ಚಕ್ರ ತೂಗುತ್ತಿದ್ದರೂ ಕಾಯಿಲ್ ಸ್ಪ್ರಿಂಗ್ ಬಿಗಿಯಾಗಿಯೇ ಅಮುಕಿಕೊಂಡಿರುತ್ತದೆ. ಚಾಸಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಸ್ಪ್ರಿಂಗ್ ಪ್ಯಾನಿನ (ಸ್ಪ್ರಿಂಗ್ ಕೂರುವ ತಟ್ಟೆ) ಎರಡು ಬೋಲ್ಟ್‌ಗಳ ಜಾಗದಲ್ಲಿ ಉದ್ದನೆಯ ಥ್ರೆಡ್ ರಾಡ್ ಹಾಕಿ, ಉಳಿದವನ್ನು ತೆಗೆದ ಮೇಲೆ ಎರಡೂ ಕಡೆ ಸಮನಾಗಿ ಸಡಿಲಿಸುತ್ತ ಪ್ಯಾನನ್ನು ಕೆಳಗಿಳಿಸಿ. ಜಾಕ್ ಒಂದನ್ನೇ ನಂಬಿ ಈ ಕೆಲಸಕ್ಕೆ ಕೈಹಾಕುವ ಗ್ಯಾರೇಜಿಗೆ ನಾನಂತೂ ಕಾರು ಬಿಡಲಾರೆ.

ಜೋಡಿಸುವಾಗ ಪಿವೋಟಿನ ನಟ್ಟನ್ನು ಕೈಬಿಗಿಯಷ್ಟೇ ತಿರುಗಿಸಿ, ಕಾರನ್ನು ನೆಲಕ್ಕಿಳಿಸಿ, ಒಂದೆರಡು ಸಲ ಮುಂಭಾಗವನ್ನು ಒತ್ತಿ ಬಿಟ್ಟ ನಂತರವೇ ಪೂರ್ತಿ ಬಿಗಿಯಬೇಕು. ಬೆಸೆದ ರಬ್ಬರ್ ಕೊಳವೆಯ ಮೇಲೆ ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ಚಕ್ರ ತೂಗುತ್ತಿರುವಾಗಲೇ ಬಿಗಿದರೆ ಕಾರು ನೆಲದ ಮೇಲೆ ನಿಂತಾಗಲೆಲ್ಲ ಅದು ತಿರುಚಿದ ಸ್ಥಿತಿಯಲ್ಲೇ ಇದ್ದು ಬೇಗ ಹರಿಯುತ್ತದೆ. ಹೊಸ ಬುಷ್ ಬೇಗ ಹೋಯಿತು ಎಂಬ ಎಷ್ಟೋ ದೂರುಗಳ ಮೂಲ ಇದೇ ಎಂದು ನನ್ನ ಅಂದಾಜು.

ಉತ್ತರ 3 (ನವಲಗುಂದ)

ಪಾಲಿಯುರೆಥೇನ್ ಬಗ್ಗೆ ಯಾರೂ ಒಂದು ಒಳ್ಳೆಯ ಮಾತು ಆಡಿಲ್ಲವಲ್ಲ. ಅದು ಒಳಗಿನ ಕೊಳವೆಯ ಮೇಲೆ ತಿರುಗುವುದರಿಂದ ಕಾರನ್ನು ನೆಲಕ್ಕಿಳಿಸಿ ಬಿಗಿಯಬೇಕೆಂಬ ಕಟ್ಟಳೆಯಿಲ್ಲ, ಎಣ್ಣೆ ಬಿದ್ದರೂ ರಬ್ಬರಿನಷ್ಟು ಕೆಡುವುದಿಲ್ಲ, ಸ್ಟೀಯರಿಂಗ್ ಚುರುಕಾಗುತ್ತದೆ. ಆದರೆ ನಮ್ಮ ಭಾಗದ ರಸ್ತೆ ಎರೆಮಣ್ಣಿನ ಮೇಲಿದ್ದು, ಮಳೆಗೆ ಉಬ್ಬಿ ಬೇಸಿಗೆಗೆ ಕುಸಿದು ಅಲೆಯಲೆಯಾಗಿರುತ್ತದೆ. ಅಲ್ಲಿ ಅದರ ಗಡಸುತನ ಸೊಂಟಕ್ಕೆ ತಿಳಿಯುತ್ತದೆ. ಅದಕ್ಕೆ ಸವರಿದ ಸಿಲಿಕೋನ್ ಗ್ರೀಸ್ ಒಣಗಿ ಧೂಳು ಸೇರಿದರೆ ಕಿರ್ ಎನ್ನಲು ತೊಡಗುತ್ತದೆ.

ಪ್ರಶ್ನಿಸಿದವರು

ಹಾಗಾದರೆ ವಿ8 ಬುಷ್‌ಗಳನ್ನೇ ತರಿಸುತ್ತೇನೆ. ಹಿಂದಿನ ಲೀಫ್ ಸ್ಪ್ರಿಂಗಿನ ಬುಷ್‌ಗಳನ್ನೂ ಈಗಲೇ ಬದಲಿಸಬೇಕೇ?

ಉತ್ತರ 2 (ಗದಗ)

ಹಿಂದಿನ ಶ್ಯಾಕಲ್ಲಿನ (ಲೀಫ್ ಸ್ಪ್ರಿಂಗಿನ ಹಿಂತುದಿಯ ಕೊಂಡಿ) ರಬ್ಬರ್ ಬಿರಿದಿದ್ದರೆ ಬದಲಿಸಿ; ಖರ್ಚು ಅಲ್ಪ. ಆ ಸ್ಪ್ರಿಂಗಿನ ಮುಂದಿನ ಕಣ್ಣಿನ ಬುಷ್ ಒತ್ತಿ ತೆಗೆಯಲು ಪ್ರೆಸ್ ಬೇಕಾಗುವುದರಿಂದ, ಅದು ಗಟ್ಟಿಯಾಗಿದ್ದರೆ ಸದ್ಯಕ್ಕೆ ಮುಟ್ಟಬೇಡಿ. ಮುಂಭಾಗದ ಕೆಲಸ ಮುಗಿದ ಮೇಲೆ ಟೋ-ಇನ್ (ಮುಂದಿನ ಚಕ್ರಗಳು ಒಳಮುಖವಾಗಿರುವ ಪ್ರಮಾಣ) ಅಳತೆ ಮಾಡಿಸಿ. ಅಂಗಡಿಯವರು ಕ್ಯಾಂಬರ್ (ಚಕ್ರದ ಒಳಹೊರಗಿನ ವಾಲು) ಸರಿಪಡಿಸುತ್ತೇವೆ ಎಂದರೆ ಒಪ್ಪಬೇಡಿ, ಈ ಕಾರಿನಲ್ಲಿ ಅದಕ್ಕೆ ಹೊಂದಿಕೆಯ ಅವಕಾಶವೇ ಇಲ್ಲ.