ಅಪ್‌ಡೇಟ್: ಮಗಳಿಗೆ ಮೊದಲ ವಾಚ್ ತಗೊಂಡಾಯ್ತು

ಎಂಟು ತುಂಬುವ ಮಗಳಿಗೆ ಮೊದಲ ವಾಚ್ ಯಾವುದು ಕೊಡಿಸಲಿ, ಡಿಜಿಟಲ್ಲಾ ಮುಳ್ಳಿನದ್ದಾ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿ ಮುಳ್ಳಿನದ್ದೇ ತಗೊಂಡೆವು.

ನಿಮ್ಮಲ್ಲೊಬ್ಬರು ಹೇಳಿದ ಹಾಗೆ, ಗಂಟೆ ಅಂಕಿಗಳ ಹೊರಗೆ 5, 10, 15 ಅಂತ ನಿಮಿಷವನ್ನೂ ಬರೆದಿರುವುದನ್ನೇ ಹುಡುಕಿದೆ. ಅದರಿಂದ ತುಂಬಾ ಉಪಕಾರವಾಯ್ತು. ದೊಡ್ಡ ಮುಳ್ಳು 4ರ ಮೇಲಿದ್ದರೆ ಇಪ್ಪತ್ತು ನಿಮಿಷ ಅನ್ನೋದು ಎರಡೇ ದಿನದಲ್ಲಿ ಅವಳ ತಲೆಗೆ ಹತ್ತಿತು.

ನಮ್ಮದು ತೀರ್ಥಹಳ್ಳಿ ಕಡೆ, ಮಳೆ ಜಾಸ್ತಿ. ವಾಚಿನ ಹಿಂದೆ 30 ಮೀಟರ್ ಅಂತಿದ್ದರೆ ಅಷ್ಟು ಆಳಕ್ಕೆ ಮುಳುಗಿಸಬಹುದು ಅಂದುಕೊಂಡಿದ್ದೆ. ಹಾಗಲ್ಲ, ಅದು ಹನಿ, ಎರಚಲು ತಡೆಯುತ್ತೆ ಅಷ್ಟೇ. ಈಜಲಿಕ್ಕೆ ಕಡಿಮೆ ಅಂದ್ರೂ 50 ಬೇಕು. ಹೊಳೆ ಪಕ್ಕದಲ್ಲೇ ಬೆಳೆಯುವ ಮಗು, 50ರದ್ದೇ ಇರಲಿ ಅಂದೆ. ಚರ್ಮದ ಪಟ್ಟಿ ಬೇಡವೇ ಬೇಡ. ನಮ್ಮ ಮಳೆಗಾಲಕ್ಕೆ ಚಪ್ಪಲಿಗೂ ಬೂಷ್ಟು ಹಿಡಿಯುತ್ತೆ, ಅಲ್ವಾ? ನೈಲಾನ್ ಪಟ್ಟಿ ಆದ್ರೆ ಬಿಚ್ಚಿ ಒಣಗಿಸಿದರಾಯ್ತು.

ಅಪ್ಪಯ್ಯನ ಕೈಯಲ್ಲಿ ಈಗಲೂ ಕೀ ಕೊಡುವ ಎಚ್‌ಎಂಟಿ ಇದೆ. ಬೆಳಿಗ್ಗೆ ಅವರು ಜಗಲಿಯಲ್ಲಿ ಕೂತು ಕೀ ತಿರುಗಿಸುವಾಗ ಇವಳೂ ಪಕ್ಕದಲ್ಲಿ ಕೈ ಚಾಚುತ್ತಾಳೆ. "ಅಜ್ಜಯ್ಯ, ಏಳೂ ಇಪ್ಪತ್ತು. ನನ್ನದರಲ್ಲೂ ಅಷ್ಟೇ!"