ಯೆಶಾಯ 7:14: ನಮ್ಮ ಮನೆ ಗುಂಪಿನಲ್ಲಿ ಬಂದ ಫಾರ್ವರ್ಡ್

ಜಾನ್ ಮಾವ: (ಫಾರ್ವರ್ಡ್) ಬೈಬಲಿನ ಯೆಶಾಯ 7:14ರಲ್ಲಿ, ಮಗನನ್ನು ಹೆರುವವಳ ಬಗ್ಗೆ ಹೇಳುವಾಗ, ಮೊದಲು 'ಕನ್ಯೆ' ಎಂದೇ ಇತ್ತು. ಯೇಸುವನ್ನು ಒಪ್ಪದ ಯೆಹೂದ್ಯರು ಅದನ್ನು 'ಯುವತಿ' ಎಂದು ತಿದ್ದಿದರು. ಎಲ್ಲರಿಗೂ ಕಳಿಸಿ 🙏

ಶೀಲಾ: ಮಾವ, ಇದು ತಪ್ಪು. ದಯವಿಟ್ಟು ಮುಂದೆ ಕಳಿಸಬೇಡಿ. ಹೀಬ್ರೂ ಮೂಲದಲ್ಲಿ ಇರುವುದು 'ಅಲ್ಮಾ'. ಅಂದರೆ ಹರೆಯದ ಹುಡುಗಿ. 1947ರಲ್ಲಿ ಮೃತ ಸಮುದ್ರದ ಹತ್ತಿರ ಕುಮ್ರಾನ್ ಗುಹೆಯಲ್ಲಿ ಯೆಶಾಯನ ಇಡೀ ಸುರುಳಿ ಸಿಕ್ಕಿತಲ್ಲ, ಅದು ಯೇಸು ಹುಟ್ಟುವುದಕ್ಕೆ ಸುಮಾರು 100 ವರ್ಷ ಮೊದಲೇ ಬರೆದದ್ದು, ಅದರಲ್ಲೂ ಅಲ್ಮಾ ಎಂದೇ ಇದೆ. ಯೇಸು ಹುಟ್ಟುವ ಮೊದಲೇ ಯಾರ ಮೇಲಿನ ಸಿಟ್ಟಿಗೆ ತಿದ್ದುತ್ತಾರೆ?

ಜಾನ್ ಮಾವ: ಹಾಗಾದರೆ ಈ ವಾಕ್ಯವನ್ನು ಯೇಸುವಿನ ಹುಟ್ಟಿಗೆ ಹೊಂದಿಸಿದ ಮತ್ತಾಯ ಸುಳ್ಳು ಬರೆದನಾ?

ಶೀಲಾ: ನಾನು ಹಾಗೆ ಹೇಳಲಿಲ್ಲ. ಮತ್ತಾಯನ ಸುವಾರ್ತೆಯಲ್ಲಿ ಬರುವ ಪದ ಹೀಬ್ರೂ ಗ್ರಂಥದ ಗ್ರೀಕ್ ಅನುವಾದದ್ದು, 'ಪಾರ್ಥೆನೋಸ್'. ಆ ಅನುವಾದ ಮಾಡಿದವರೂ ಯೆಹೂದ್ಯರೇ, ಯೇಸುವಿಗಿಂತ ಮೊದಲು. ಸಾಮಾನ್ಯವಾಗಿ ಅದಕ್ಕೆ ಕನ್ಯೆ ಎಂದೇ ಅರ್ಥ. ಆದರೆ ಅದೇ ಅನುವಾದ ಆದಿಕಾಂಡ 34ರಲ್ಲಿ ಯಾಕೋಬನ ಮಗಳು ದೀನಳ ಮಾನಭಂಗ ಆದ ಮೇಲೂ ಅವಳನ್ನು ಪಾರ್ಥೆನೋಸ್ ಅನ್ನುತ್ತದೆ. ಧಾರವಾಡದ ಕಡೆ 'ಕನ್ಯಾ ನೋಡಲು' ಹೋಗುವುದು ಅಂದರೆ ಮದುವೆಗೆ ಹುಡುಗಿ ನೋಡುವುದು ಅಷ್ಟೇ ಅಲ್ವಾ?

ದೊಡ್ಡಮ್ಮ: ಕ್ರಿಸ್ಮಸ್ ಆರಾಧನೆಯಲ್ಲಿ ಚಿಕ್ಕಂದಿನಿಂದ ಕೇಳಿದ ವಾಕ್ಯ ಅದು. ಈಗ ಬಿಟ್ಟುಬಿಡಬೇಕಾ?

ಶೀಲಾ: ಬಿಡಬೇಡಿ ದೊಡ್ಡಮ್ಮ, ನನಗೂ ಅದು ಬಹಳ ಪ್ರೀತಿಯ ವಾಕ್ಯ. ಆದರೆ ಅಧ್ಯಾಯ ಪೂರ್ತಿ ಓದಿ. ದಮಸ್ಕದ ಅರಸ ರೆಚೀನ, ಇಸ್ರಾಯೇಲಿನ ಅರಸ ಪೆಕಹ ಸೇರಿಕೊಂಡು ಯೆರೂಸಲೇಮಿನ ಮೇಲೆ ಬಂದಿದ್ದಾರೆ, ಯೆಹೂದದ ಅರಸ ಆಹಾಜ ಗಾಳಿಗೆ ಸಿಕ್ಕ ಮರದ ಹಾಗೆ ನಡುಗುತ್ತಿದ್ದಾನೆ, ಅಂಥವನಿಗೆ ಪ್ರವಾದಿ ಯೆಶಾಯ ಹೇಳುವುದು ಏನು? ಹುಟ್ಟುವ ಮಗುವಿಗೆ ಒಳ್ಳೆಯದು ಕೆಟ್ಟದ್ದು ತಿಳಿಯುವ ಮೊದಲೇ ಆ ಇಬ್ಬರ ನಾಡು ಪಾಳುಬೀಳುತ್ತದೆ ಎಂದು. ಕ್ರಿ.ಪೂ. 732ರಲ್ಲಿ ಅಶ್ಶೂರದ ಅರಸ ದಮಸ್ಕವನ್ನು ಹಿಡಿದೇಬಿಟ್ಟ. 700 ವರ್ಷ ಬಿಟ್ಟು ಹುಟ್ಟುವ ಮಗು ಮಾತ್ರ ಗುರುತಾಗಿದ್ದರೆ ಆ ದಿನ ಆಹಾಜನಿಗೆ ಅದರಿಂದ ಏನು ಧೈರ್ಯ?

ಜಾನ್ ಮಾವ: ಒಂದು ಪ್ರವಾದನೆ ಎರಡು ಸಲ ನೆರವೇರಬಹುದು. ನಮ್ಮ ಪಾಸ್ಟರ್ ಅವರೂ ಅದನ್ನೇ ಹೇಳುತ್ತಾರೆ.

ಶೀಲಾ: ಹೌದು ಮಾವ, ನಾನೂ ಹಾಗೇ ನಂಬುತ್ತೇನೆ. ಅದು ನಮ್ಮ ನಂಬಿಕೆ. ಯೆಹೂದ್ಯರು ಅದನ್ನು ಒಪ್ಪದಿದ್ದರೆ ಮೋಸಗಾರರು ಆಗುವುದಿಲ್ಲ. 2ನೇ ಶತಮಾನದಲ್ಲಿ ಕ್ರೈಸ್ತ ಲೇಖಕ ಜಸ್ಟಿನ್ ಮಾರ್ಟರ್ ಕೂಡ ಇಂಥದೇ ಆರೋಪ ಹೊರಿಸಿದ್ದ. ಆಗ ಕುಮ್ರಾನ್ ಸುರುಳಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಈಗ ನಮ್ಮ ಮುಂದೆ ಇದೆ. ಅವರ ಗ್ರಂಥವನ್ನು ಅವರೇ ಜೋಪಾನ ಮಾಡಿದ್ದಕ್ಕೆ ನಮ್ಮ ಕೈಗೂ ಬಂತು. ಅವರನ್ನೇ ಕಳ್ಳರು ಅನ್ನುವುದು ನನಗೆ ತುಂಬಾ ನೋವು ಕೊಡುತ್ತದೆ.

ಜಾನ್ ಮಾವ: ಆಯ್ತಮ್ಮ. 'ತಿದ್ದಿದರು' ಅನ್ನುವ ಸಾಲು ತೆಗೆಯುತ್ತೇನೆ. ಕನ್ಯೆ ಅನ್ನುವುದನ್ನು ಮಾತ್ರ ನಾನು ಬಿಡುವುದಿಲ್ಲ.

ಶೀಲಾ: ಸರಿ ಮಾವ. ಬೇರೆ ಗುಂಪುಗಳಿಗೂ ಕಳಿಸಿದ್ದರೆ ಅಲ್ಲೂ ಹೇಳಿಬಿಡಿ.